ಗೋಡೆ ಬದಿಯ ಮಂಚ

ಉಕ್ಕಿನ ಟೇಪು ಕೋಟಿನ ಬಲಜೇಬಿನಲ್ಲಿ ಕೂತು ಇಡೀ ಕೋಟನ್ನು ಒಂದು ಕಡೆಗೆ ಜಗ್ಗುತ್ತಿತ್ತು. ಬಸ್ಸಿನ ಕಿಟಕಿಯ ಗಾಜಿನಲ್ಲಿ ಅವನು ತನ್ನನ್ನು ನೋಡಿಕೊಂಡ. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ. ಟೇಪನ್ನು ಎಡಜೇಬಿಗೆ ವರ್ಗಾಯಿಸಿದ. ಈಗ ಎಡಭುಜ ಇಳಿಯಿತು. ಇಪ್ಪತ್ತಾರು ವರ್ಷ ನಗರಸಭೆಯ ಕಚೇರಿಯಲ್ಲಿ ಕರಾರುಗಳ ಕರಡು ಬರೆದವನು ಒಂದು ಟೇಪನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಕೊನೆಗೆ ಅದನ್ನು ಫೈಲಿನ ಜೊತೆ ತೊಡೆಯ ಮೇಲಿಟ್ಟುಕೊಂಡ. ಫೈಲು ತೆರೆಯಬಾರದೆಂದು ಮನೆಯಿಂದ ಹೊರಡುವಾಗಲೇ ನಿರ್ಧರಿಸಿದ್ದ. ಎರಡನೆಯ ನಿಲ್ದಾಣ ಬರುವಷ್ಟರಲ್ಲಿ ತೆರೆದ. ನಾಲ್ಕನೆಯ ಪುಟ, ಎರಡನೆಯ ಷರತ್ತು, ಅವನದೇ ಮಾತು: ‘ಹಾಸಿಗೆ ಎಂದರೆ ಎರಡೂ ಮಗ್ಗುಲಲ್ಲಿ ತಲಾ ಎರಡೂವರೆ ಅಡಿ ತೆರಪು ಬಿಟ್ಟು ಹಾಕಿದ, ಒಬ್ಬ ವ್ಯಕ್ತಿ ಮಲಗಲು ತಕ್ಕುದಾದ ಮಂಚ.’ ನಿನ್ನೆ ಸಂಜೆಯಿಂದ ಇದು ಹತ್ತನೆಯ ಸಲ ಓದುತ್ತಿದ್ದದ್ದು. ಎರಡೂ ಮಗ್ಗುಲಲ್ಲಿ. ಯಾವ ಪುಣ್ಯಾತ್ಮ ಮನೆಯಲ್ಲಿ ಎರಡೂ ಮಗ್ಗುಲು ಬಿಟ್ಟು ಮಂಚ ಹಾಕುತ್ತಾನೆ?

ಹೋದ ಚಳಿಗಾಲದ ಶುರುವಿನಲ್ಲೇ ಮೂವರು ಬೀದಿಯಲ್ಲೇ ಸತ್ತ ಮೇಲೆ ನಗರಸಭೆ ಎಚ್ಚೆತ್ತಿತ್ತು. ಹಳೆಯ ಒಳಾಂಗಣ ಆಟದ ಹಾಲ್ ಒಂದು ಖಾಲಿ ಬಿದ್ದಿತ್ತು. ಅದನ್ನು ಒಂದು ಸೇವಾಸಂಸ್ಥೆಗೆ ಕೊಟ್ಟು, ಮನೆಯಿಲ್ಲದವರಿಗೆ ಅರವತ್ತು ತುರ್ತು ಹಾಸಿಗೆ ನಡೆಸಬೇಕೆಂದು ಕರಾರಾಯಿತು. ಕರಡು ಬರೆಯಲು ಅವನಿಗೆ ಸಿಕ್ಕಿದ್ದು ಎರಡು ದಿನ. ಅದಕ್ಕೆ ಮೊದಲು ಬೇರೊಂದು ಸಂಸ್ಥೆ ನೆಲದ ಮೇಲೆ ಚಾಪೆ ಬಿಡಿಸಿ ಅದನ್ನೇ ಹಾಸಿಗೆಯೆಂದು ಎಣಿಸಿ ತೋರಿಸಿ ಎಲ್ಲರ ಮುಖಕ್ಕೆ ಮಸಿ ಬಳಿದಿತ್ತು. ಹಾಗಾಗಿ ಹಾಸಿಗೆ ಎಂದರೇನೆಂದು ಮೊದಲೇ ಕಟ್ಟಿಹಾಕಬೇಕೆಂದು ಅವನು ಹಳೆಯ ಫೈಲುಗಳನ್ನು ಜಾಲಾಡಿ, ಎಲ್ಲೋ ಸಿಕ್ಕ ಒಂದು ಅಚ್ಚುಕಟ್ಟಾದ ವಾಕ್ಯವನ್ನು ಎತ್ತಿ ಇಲ್ಲಿ ಕೂರಿಸಿದ್ದ. ಕೂರಿಸಿ, ಹಿಂದಕ್ಕೆ ಒರಗಿ, ಚಹಾ ತರಿಸಿಕೊಂಡು ಕುಡಿದಿದ್ದ. ಸಹೋದ್ಯೋಗಿಗಳು ಅವನ ಬೆನ್ನ ಹಿಂದೆ ‘ಷರತ್ತು’ ಎಂದು ಕರೆಯುವುದು ಅವನಿಗೆ ಗೊತ್ತಿತ್ತು. ಆ ದಿನ ಆ ಹೆಸರು ಬಿರುದಿನಂತೆ ಕೇಳಿಸಿತ್ತು. ಈಗ ವರ್ಷ ತುಂಬಿ ಕರಾರು ಮುಂದುವರಿಯಬೇಕಾದರೆ ಅಳತೆಯ ಪ್ರಮಾಣಪತ್ರ ಬೇಕು. ಕರಾರಿನ ಅರ್ಥದಲ್ಲಿ ‘ಹಾಸಿಗೆ’ಗಳು ಐವತ್ತಕ್ಕಿಂತ ಕಡಿಮೆ ಬಂದರೆ ಕರಾರು ತಾನಾಗಿ ಬಿದ್ದುಹೋಗುತ್ತದೆ, ಸೋಮವಾರ ಹಾಲ್ ಕ್ರೀಡಾ ವಿಭಾಗಕ್ಕೆ ವಾಪಸು. ಆ ಷರತ್ತನ್ನೂ ಅವನೇ ಬರೆದಿದ್ದ. ಪ್ರಮಾಣಪತ್ರ ಕಮಿಷನರ್ ಮೇಜಿಗೆ ಹೋಗಲು ಇವತ್ತೇ ಕೊನೆಯ ದಿನ, ಸಾಯಂಕಾಲ ನಾಲ್ಕು ಗಂಟೆಯೇ ಗಡುವು.

ಆದರೆ ಮಂಚಗಳು ಗೋಡೆಗೆ ತಾಗಿ ಇವೆಯೋ ಇಲ್ಲವೋ? ಅದೇ ಅವನಿಗೆ ನೆನಪಾಗುತ್ತಿರಲಿಲ್ಲ. ಒಂದು ವರ್ಷದಲ್ಲಿ ಐದು ಸಲ ತಪಾಸಣೆಗೆ ಹೋಗಿದ್ದಾನೆ. ಬಾಗಿಲಲ್ಲಿ ನಿಂತು ತಲೆ ಎಣಿಸಿದ್ದಾನೆ, ಸಹಿ ಹಾಕಿದ್ದಾನೆ. ನೆಲದ ಮೇಲಿನ ಮಾಸಿದ ಆಟದ ಗೆರೆಗಳು ನೆನಪಿವೆ, ಮೇಲೆ ಬಲೆಯಲ್ಲಿ ಸಿಕ್ಕಿಕೊಂಡು ಉಳಿದ ಒಂದು ಚೆಂಡು ನೆನಪಿದೆ. ಮಂಚಗಳು ಮಾತ್ರ ಕಣ್ಣಿಗೆ ಕಟ್ಟುತ್ತಿಲ್ಲ. ಯಾಕೆಂದರೆ ಐದು ಸಲವೂ ಅವನು ಮಂಚಗಳನ್ನು ನೋಡಿರಲೇ ಇಲ್ಲ. ಒಂದೊಂದೇ ಮುಖವನ್ನು, ಹೊದಿಕೆಯಿಂದ ಹೊರಗೆ ಕಾಣುವ ಒಂದೊಂದೇ ತಲೆಯನ್ನು ನೋಡುತ್ತ, ಇವನಲ್ಲ, ಇವನೂ ಅಲ್ಲ ಎಂದುಕೊಳ್ಳುತ್ತ, ಕೊನೆಯ ತಲೆ ಮುಗಿದಾಗ ಬಿಟ್ಟ ಉಸಿರನ್ನು ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿ, ಬೇಗ ಬೇಗ ಹೊರಬಿದ್ದಿದ್ದ.

ನಾಲ್ಕು ವರ್ಷದ ಹಿಂದೆ ಅವನ ಅಣ್ಣ ಎರಡು ದಿನಕ್ಕೆಂದು ಮನೆಗೆ ಬಂದವನು ಹತ್ತೊಂಬತ್ತು ದಿನ ಇದ್ದ. ಅವನು ಕೆಲಸ ಮಾಡುತ್ತಿದ್ದ ಪ್ರೆಸ್ಸು ಮುಚ್ಚಿತ್ತು, ಬಾಡಿಗೆಯ ಕೋಣೆ ಬಿಡಬೇಕಾಗಿ ಬಂದಿತ್ತು, ಹೇಳಿಕೊಳ್ಳಲು ಸಂಸಾರವಿರಲಿಲ್ಲ. ಒಂದು ಬ್ಯಾಗು, ಒಂದು ಕೊಡೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ತಾನು ಅಲ್ಲಿ ಮಲಗಿದ್ದೆ ಎಂಬ ಗುರುತೂ ಉಳಿಯದಂತೆ ಹಾಸಿಗೆ ಮಡಿಸಿ ಮೂಲೆಗಿಟ್ಟು ಹೊರಗೆ ಹೋಗಿಬಿಡುತ್ತಿದ್ದ. ಸಂಜೆ ದೀಪ ಹಚ್ಚಿದ ಮೇಲೆ ಬರುತ್ತಿದ್ದ. ಜಗಳವಿಲ್ಲ, ಒಂದು ಮಾತಿಲ್ಲ. ಅದೇ ಇವನಿಗೆ ತಡೆಯಲಾಗುತ್ತಿರಲಿಲ್ಲ. ಮಗಳ ಪರೀಕ್ಷೆ ಎಂದು ಹೆಂಡತಿಯ ಹತ್ತಿರ ಗೊಣಗಿದ; ಅವಳು ‘ಇರಲಿ ಬಿಡ್ರೀ, ಭಾವ ಯಾರಿಗೆ ಏನು ತೊಂದ್ರೆ ಕೊಟ್ಟಿದ್ದಾರೆ’ ಎಂದಳು. ಹತ್ತೊಂಬತ್ತನೆಯ ಸಂಜೆ ಅಣ್ಣ ಬರುವ ಮೊದಲು ಇವನೇ ಆ ಹಾಸಿಗೆಯನ್ನು ಸುರುಳಿ ಸುತ್ತಿ, ಹಗ್ಗದಿಂದ ಎರಡು ಗಂಟು ಬಿಗಿದು, ಕುರ್ಚಿ ಹತ್ತಿ ಬೀರುವಿನ ಮೇಲಕ್ಕೆ ತಳ್ಳಿದ. ಅಷ್ಟೇ ಮಾಡಿದ್ದು. ಅಣ್ಣ ಬಂದ. ದಿನವೂ ಹಾಸಿಗೆ ಇರುವ ಮೂಲೆಯನ್ನು ನೋಡಿದ, ಆಮೇಲೆ ಬೀರುವಿನ ಮೇಲೆ ನೋಡಿದ. ನಿಂತೇ ಒಂದು ಲೋಟ ನೀರು ಕುಡಿದು, ‘ನನಗೂ ಒಂದು ಕಡೆ ಹೋಗೋದಿತ್ತು ಕಣೋ’ ಎಂದ. ಕೊಡೆ ಮರೆತು ಹೋದ. ನಾಲ್ಕು ವರ್ಷದಿಂದ ಅದು ಬಾಗಿಲ ಹಿಂದೆ ನೇತಾಡುತ್ತಿದೆ, ಯಾರೂ ಬಳಸುವುದಿಲ್ಲ, ಯಾರೂ ತೆಗೆದಿಡುವುದಿಲ್ಲ.

ಬಸ್ಸು ನಿಂತಿತು. ಇಳಿಯುವಾಗ ಟೇಪು ಕೆಳಗೆ ಬಿದ್ದು ಖಣಾರನೆ ಸದ್ದಾಗಿ ಎಲ್ಲರೂ ತಿರುಗಿ ನೋಡಿದರು.

ಹಾಲ್‌ನೊಳಗೆ ಹೆಜ್ಜೆ ಇಟ್ಟವನು ಇವತ್ತು ಮೊದಲ ಸಲ ಮಂಚಗಳನ್ನು ನೋಡಿದ. ಎಡಗೋಡೆಗೆ ಒಂಬತ್ತು, ಬಲಗೋಡೆಗೆ ಒಂಬತ್ತು, ಉದ್ದಕ್ಕೆ ತಾಗಿಸಿ ಹಾಕಿದ ಮಂಚಗಳು, ಗೋಡೆಗೂ ಅವಕ್ಕೂ ನಡುವೆ ಒಂದು ಕಾಗದ ತೂರಿಸಲೂ ಜಾಗವಿಲ್ಲ. ಹಗಲು ಹೊತ್ತಾದ್ದರಿಂದ ಬಹಳ ಜನ ಕೆಲಸ ಹುಡುಕಿಕೊಂಡು ಹೊರಗೆ ಹೋಗಿದ್ದರು. ಕಾಲು ನೋವಿನವರು, ಕೆಮ್ಮಿನವರು ಹತ್ತು ಹನ್ನೆರಡು ಮಂದಿ ಅಲ್ಲಲ್ಲಿ ಕೂತಿದ್ದರು. ಅಭ್ಯಾಸಬಲದಿಂದ ಮುಖಗಳ ಮೇಲೆ ಕಣ್ಣಾಡಿಸಿದ. ಇವನಲ್ಲ. ಇವನೂ ಅಲ್ಲ. ಸಂಸ್ಥೆಯ ಮೇಲ್ವಿಚಾರಕಿ ಎದುರು ಬಂದಳು. ಐವತ್ತು ದಾಟಿದ, ಗಟ್ಟಿ ಕೈಗಳ ಹೆಂಗಸು. ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

‘ಬನ್ನಿ ಸಾರ್. ಟೇಪು ತಂದ್ರಾ?’ ಎಂದಳು ಅಕ್ಕ, ಅವನ ಕೈ ನೋಡಿ.

‘ಅಳತೆ ಮಾಡ್ಬೇಕಲ್ಲ.’

‘ಮಾಡಿ. ಅದಕ್ಕೆ ತಾನೆ ಬಂದಿರೋದು.’ ಅವಳ ದನಿಯಲ್ಲಿ ಏನೋ ಇತ್ತು. ತಿಳಿದೂ ತಿಳಿಯದವರ ಹಾಗೆ ಇರುವವರ ದನಿ.

ಒಬ್ಬನೇ ಟೇಪು ಹಿಡಿದು ಅಳೆಯಲು ಹೋದ. ಮಂಚದ ಕಾಲಿಗೆ ಕೊಂಡಿ ಸಿಕ್ಕಿಸಿ ಹಿಂದಕ್ಕೆ ನಡೆದರೆ ಅದು ಕಳಚಿಕೊಂಡು ಸರ್ರನೆ ಬಂದು ಬೆರಳಿಗೆ ಹೊಡೆಯಿತು. ಎರಡನೆಯ ಸಲವೂ ಹೊಡೆಯಿತು. ಯಾರೋ ಹಿಂದಿನಿಂದ ನಕ್ಕರು. ‘ಸಾರ್, ಇದು ಒಬ್ಬರ ಕೈಲಾಗೋ ಕೆಲಸ ಅಲ್ಲ, ಈ ಕಡೆ ಕೊಡಿ’ ಎಂದು ಮುದುಕನೊಬ್ಬ ಮಂಚದಿಂದ ಮೊಣಕಾಲು ಹಿಡಿದುಕೊಂಡು ಎದ್ದು ಬಂದ. ಮನೆಗಳಿಗೆ ಬಣ್ಣ ಬಳಿಯುತ್ತಿದ್ದವನಂತೆ. ಏಣಿ ಹತ್ತಲು ಮೊಣಕಾಲು ಒಪ್ಪದೆ ಕೆಲಸ ಹೋಗಿ, ಕೆಲಸದ ಹಿಂದೆ ಕೋಣೆಯೂ ಹೋಗಿತ್ತು. ಎಲ್ಲರೂ ಬಣ್ಣದ ತಾತ ಎನ್ನುತ್ತಿದ್ದರು. ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ ರೀತಿಯಲ್ಲೇ ನಲವತ್ತು ವರ್ಷದ ಕಸುಬು ಕಂಡಿತು. ‘ಎಳೀರಿ. ಸಡಿಲ ಬಿಡ್ಬೇಡಿ. ಹಾಂ, ಈಗ ನೋಡಿ.’ ಇಬ್ಬರೂ ಒಂದೊಂದೇ ಸಾಲು ಅಳೆಯುತ್ತ ಹೋದರು. ನಡುವಿನ ಸಾಲುಗಳಲ್ಲಿ ತೆರಪು ಸರಿಯಾಗಿತ್ತು, ಅಕ್ಕ ಎಲ್ಲವನ್ನೂ ಆಟದ ಗೆರೆಗಳ ಗುರುತಿಗೆ ಹಾಕಿಸಿದ್ದಳು. ಅವನು ಬರೆದುಕೊಂಡ. ಗೋಡೆಯ ಹತ್ತಿರ ಬಂದಾಗ ಪೆನ್ನು ನಿಂತಿತು. ತಾತ ಟೇಪಿನ ತುದಿ ಹಿಡಿದು ಗೋಡೆಗೆ ಒತ್ತಿ ಕಾಯುತ್ತಿದ್ದ. ಇವನಿಗೆ ಎಳೆಯಲು ಏನೂ ಇರಲಿಲ್ಲ.

‘ಎಷ್ಟು ಬರ್ಬೇಕಾಗಿತ್ತು ಸಾರ್?’

‘ಐವತ್ತು.’

‘ಎಷ್ಟು ಬಂತು?’

‘ನಲವತ್ತೆರಡು.’

‘ಇಲ್ಲಿ ಅರವತ್ತಿದ್ಯಲ್ಲ. ನಾನೇ ಎಣಿಸಿದ್ದೀನಿ, ನಿದ್ದೆ ಬರದಾಗ.’

‘ಗೋಡೆಗೆ ತಾಗಿರೋದು ಲೆಕ್ಕಕ್ಕೆ ಬರಲ್ಲ.’

ತಾತ ತನ್ನ ಮಂಚದ ಕಡೆ ತಿರುಗಿ ನೋಡಿದ. ಅದು ಎಡಗೋಡೆಯ ನಾಲ್ಕನೆಯದು. ದಿಂಬಿನ ಬದಿಯಲ್ಲಿ ಒಂದು ಕನ್ನಡಕದ ಡಬ್ಬಿ, ಮಡಿಸಿದ ಅಂಗಿ. ‘ಹಾಗಾದ್ರೆ ನಾನು ಹನ್ನೊಂದು ತಿಂಗಳಿಂದ ಎಲ್ಲಿ ಮಲಗ್ತಿದ್ದೀನಿ?’ ಎಂದ. ಪಕ್ಕದ ಮಂಚದ ಕೆಮ್ಮಿನ ಹೆಂಗಸು ಬಿದ್ದು ಬಿದ್ದು ನಕ್ಕಳು. ತಾತನೂ ನಕ್ಕ. ನಗಲಾರದೆ ನಿಂತವನು ಅವನೊಬ್ಬನೇ. ಇಪ್ಪತ್ತಾರು ವರ್ಷದಲ್ಲಿ ಅವನ ವಾಕ್ಯಗಳನ್ನು ಯಾರೂ ಹೀಗೆ ಎದುರಿಗೆ ನಿಂತು ಪ್ರಶ್ನಿಸಿರಲಿಲ್ಲ. ಪ್ರಶ್ನೆ ಬಂದರೆ ಪತ್ರದಲ್ಲಿ ಬರುತ್ತಿತ್ತು, ಪತ್ರದಲ್ಲೇ ಉತ್ತರ ಹೋಗುತ್ತಿತ್ತು, ನಡುವೆ ಯಾರ ಮುಖವೂ ಇರುತ್ತಿರಲಿಲ್ಲ.

‘ಮಂಚ ಈಚೆಗೆ ಎಳೆದ್ರೆ?’ ಎಂದ ತಾತ. ಇಬ್ಬರೂ ಸೇರಿ ತಾತನ ಮಂಚವನ್ನೇ ಎಳೆದರು. ಎರಡೂವರೆ ಅಡಿ ಎಳೆಯುವಷ್ಟರಲ್ಲಿ ನಡುವಿನ ದಾರಿ ಅರ್ಧಕ್ಕಿಂತ ಕಡಿಮೆಯಾಗಿ, ಒಬ್ಬರು ಅಡ್ಡಡ್ಡ ನಡೆಯಬೇಕಾಯಿತು. ಬೆಂಕಿ ಬಿದ್ದರೆ ಓಡಿಹೋಗಲು ನಾಲ್ಕಡಿ ದಾರಿ ಬೇಕೆಂಬುದು ಇನ್ನೊಂದು ಷರತ್ತು. ಅದು ಸರಿಯಾದ ಷರತ್ತು, ಅದನ್ನು ಮುಟ್ಟುವಂತಿಲ್ಲ. ಅವನು ತಲೆಯಾಡಿಸಿದ. ತಾತ ಮಾತ್ರ ಎಳೆದ ಮಂಚದ ಮೇಲೆ ಹಾಗೇ ಉರುಳಿಕೊಂಡ, ಒಂದು ಸಲ ನೋಡಿಬಿಡೋಣ ಎನ್ನುವ ಹಾಗೆ. ಕಣ್ಣು ಮುಚ್ಚಿದ, ತೆರೆದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅವನಿಗೇ ಗೊತ್ತಿಲ್ಲದ ಹಾಗೆ ಒಂದು ಕೈ ಮಂಚದ ಅಂಚನ್ನು ಹಿಡಿದುಕೊಂಡಿತ್ತು.

‘ಆಗಲ್ಲ ಸಾರ್,’ ಎಂದು ಎದ್ದು ಕೂತ. ‘ಬೀದೀಲಿ ಮಲಗಿದೋರಿಗೆ ಮೊದಲು ಬೇಕಾಗಿರೋದು ಗೋಡೆ. ಸೂರು ಆಮೇಲೆ. ಬೆನ್ನ ಕಡೆ ಗೋಡೆ ಇದ್ರೆ ಆ ಕಡೆ ಕಾಯೋದು ಬೇಡ, ಒಂದೇ ಕಡೆ ಕಾದ್ರೆ ಸಾಕು. ಅಂದ್ರೆ ಅರ್ಧ ನಿದ್ದೆ ಗ್ಯಾರಂಟಿ. ಇಲ್ಲಿಗೆ ಹೊಸದಾಗಿ ಯಾರೇ ಬರ್ಲಿ, ಊಟ ಏನು ಅಂತ ಕೇಳಲ್ಲ. ಅಕ್ಕಾ, ಗೋಡೆ ಬದಿ ಖಾಲಿ ಇದ್ಯಾ ಅಂತಾರೆ. ಮೊದಲ ತಿಂಗಳು ಗೋಡೆ, ಆಮೇಲೆ ಧೈರ್ಯ ಬಂದ್ಮೇಲೆ ನಡುವಿನ ಸಾಲು. ಅದು ನಮ್ಮ ಪದ್ಧತಿ.’ ಗೋಡೆಯನ್ನು ಉಗುರಿನಿಂದ ಕೆರೆದು ತೋರಿಸಿದ. ‘ನನಗೆ ಹನ್ನೊಂದು ತಿಂಗಳಾದ್ರೂ ಧೈರ್ಯ ಬಂದಿಲ್ಲ. ಇಷ್ಟು ಕೆಟ್ಟದಾಗಿ ಬಣ್ಣ ಬಳಿದಿರೋ ಗೋಡೇನ ನಾನು ಹುಟ್ಟಿದಾಗಿಂದ ನೋಡಿಲ್ಲ. ಆದ್ರೂ ಬಿಟ್ಟು ಬರೋಕೆ ಮನಸ್ಸಾಗ್ತಿಲ್ಲ.’

ಅವನು ಮಂಚದ ಇನ್ನೊಂದು ತುದಿಯಲ್ಲಿ ಕೂತುಬಿಟ್ಟ. ಎರಡನೆಯ ದಿನವೋ ಮೂರನೆಯ ದಿನವೋ, ಅಣ್ಣ ಒಂದೇ ಒಂದು ಕೇಳಿದ್ದ. ಹತ್ತೊಂಬತ್ತು ದಿನದಲ್ಲಿ ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ‘ಆ ಟೀವಿ ಮೇಜು ಸ್ವಲ್ಪ ಈ ಕಡೆ ಸರಿಸಿದ್ರೆ ನನಗೆ ಗೋಡೆ ಸಿಗ್ತಿತ್ತು ಕಣೋ.’ ಇವನು ಪತ್ರಿಕೆಯಿಂದ ತಲೆ ಎತ್ತದೆ ‘ಪ್ಲಗ್ಗು ಆ ಕಡೆ ಇದೆ, ವೈರು ಎಟುಕಲ್ಲ’ ಎಂದಿದ್ದ. ನಿಜವೇ, ವೈರು ಎಟುಕುತ್ತಿರಲಿಲ್ಲ. ಅಂಗಡಿಯಲ್ಲಿ ಉದ್ದದ ವೈರು ಸಿಗುತ್ತದೆ ಎಂಬುದೂ ಅಷ್ಟೇ ನಿಜ. ಅಣ್ಣ ಹತ್ತೊಂಬತ್ತು ದಿನ ನಡುಮನೆಯ ಆ ತೆರೆದ ಜಾಗದಲ್ಲಿ, ಒಂದು ಕಡೆ ಅಡುಗೆಮನೆಗೆ ಹೋಗುವ ದಾರಿ, ಇನ್ನೊಂದು ಕಡೆ ಬಚ್ಚಲಿಗೆ ಹೋಗುವ ದಾರಿ, ಎರಡರ ಮಧ್ಯೆ ಮಲಗಿದ್ದ. ನೀರು ಕುಡಿಯಲು ಎದ್ದವರು ಅವನನ್ನು ದಾಟಿ ಹೋಗುತ್ತಿದ್ದರು. ದಾಟುವಾಗಲೆಲ್ಲ ಅಣ್ಣನ ಕಣ್ಣು ತೆರೆದಿರುತ್ತಿತ್ತು, ಅವನಿಗೆ ನಿದ್ದೆ ಕಡಿಮೆ ಎಂದು ಇವನು ಅಂದುಕೊಂಡಿದ್ದ. ಚಿಕ್ಕಂದಿನಿಂದಲೂ ಗೋಡೆ ಬದಿ ಬೇಕೆನ್ನುವ ಹಟ ಅವನದು, ಅದೇ ಚಾಳಿ ಇನ್ನೂ ಬಿಟ್ಟಿಲ್ಲ ಎಂದೂ ಅಂದುಕೊಂಡಿದ್ದ. ಚಿಕ್ಕಂದಿನ ಮನೆಯಲ್ಲಿ ಇಬ್ಬರಿಗೂ ಒಂದೇ ಹಾಸಿಗೆ, ಒಂದೇ ಕಂಬಳಿ. ಗೋಡೆಯ ಮೇಲೆ ತೇವದ ಒಂದು ಕಲೆ, ಉದ್ದ ಕತ್ತಿನ ಪ್ರಾಣಿಯ ಆಕಾರ. ಮೂಗು ತಾಗುವಷ್ಟು ಹತ್ತಿರ. ಅದರ ಬೆನ್ನನ್ನು ಬೆರಳಿನಿಂದ ತೀಡುತ್ತ ತೀಡುತ್ತ ನಿದ್ದೆ ಬರುತ್ತಿತ್ತು. ಬೆರಳಿಗೆ ಆ ತಣ್ಣನೆಯ ಒರಟು ಈಗಲೂ ಬಂದಂತಾಗಿ ಅವನು ಕೈಯನ್ನು ಕೋಟಿಗೆ ಒರೆಸಿಕೊಂಡ.

‘ಚಹಾ ಕುಡೀರಿ ಸಾರ್’ ಎಂದು ಅಕ್ಕ ಕರೆದಳು. ಬಾಗಿಲ ಪಕ್ಕದ ಅವಳ ಮೇಜಿನ ಮೇಲೆ ಪ್ರಮಾಣಪತ್ರದ ನಮೂನೆಯನ್ನು ಬಿಡಿಸಿಟ್ಟುಕೊಂಡ. ‘ಕರಾರಿನ ಅರ್ಥದಲ್ಲಿ ಲಭ್ಯವಿರುವ ಹಾಸಿಗೆಗಳ ಸಂಖ್ಯೆ’ ಎಂಬ ಮಾತಿನ ಮುಂದೆ ಒಂದು ಖಾಲಿ ಚೌಕ. ಅರವತ್ತು ಎಂದು ಬರೆದರೆ ಯಾರು ಬಂದು ಅಳೆಯುತ್ತಾರೆ? ಕಚೇರಿಯಲ್ಲಿ ಬೇರೆ ಯಾರಾಗಿದ್ದರೂ ಹಾಗೇ ಬರೆಯುತ್ತಿದ್ದರು, ಬರೆದು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತಿದ್ದರು. ಆರು ಬರೆದ. ಸೊನ್ನೆ ಬರೆಯುವ ಮೊದಲು ತಲೆ ಎತ್ತಿದಾಗ ಅಕ್ಕ ನೋಡುತ್ತಿದ್ದಳು.

‘ಸುಳ್ಳು ಬರೀಬೇಡಿ ಸಾರ್.’

‘ನಿಮಗೆ ಒಳ್ಳೇದಾಗ್ಲಿ ಅಂತ...’

‘ಇವತ್ತು ನೀವು ಅರವತ್ತು ಬರೀತೀರಿ. ಮುಂದಿನ ವರ್ಷ ನಿಮ್ಮ ಜಾಗದಲ್ಲಿ ಬೇರೆ ಯಾರೋ ಬರ್ತಾರೆ. ಆ ಮಾತು ಅಲ್ಲೇ ಇರತ್ತೆ, ಟೇಪೂ ಇರತ್ತೆ. ಆಗ ನಾನು ಕಳ್ಳಿ ಆಗ್ತೀನಿ.’ ಅವಳು ಲೋಟ ಅವನ ಕಡೆ ಸರಿಸಿದಳು. ‘ಅದು ವಾರ್ಡಿನ ಮಂಚ ಸಾರ್. ಒಂದು ಕಡೆ ಡಾಕ್ಟ್ರು ನಿಲ್ಬೇಕು, ಇನ್ನೊಂದು ಕಡೆ ನಾವು ನಿಲ್ಬೇಕು, ಅದಕ್ಕೆ ಎರಡೂವರೆ ಅಡಿ. ಕರಾರು ಓದಿದ ದಿನಾನೇ ನನಗೆ ನಗು ಬಂತು. ಆಸ್ಪತ್ರೆ ಫೈಲಿಂದ ಎತ್ತಿದ್ದಾರೆ ಅಂತ.’

ಅವನಿಗೆ ನೆನಪಾಯಿತು. ಹೌದು, ಆಸ್ಪತ್ರೆಯ ಫೈಲು. ಹಸಿರು ರಟ್ಟಿನದು. ‘ಆವತ್ತೇ ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ಫೈಲು ವಾಪಸ್ ಹೋಗ್ತಿತ್ತು. ಮತ್ತೆ ಬರೋಕೆ ಎರಡು ತಿಂಗಳು. ಆಗ್ಲೇ ಚಳಿ ಶುರುವಾಗಿತ್ತು.’ ಆಮೇಲೆ ಸೇರಿಸಿದಳು, ‘ನೀವೂ ಮಂಚ ನೋಡ್ದೆ ಬರೀ ಮುಖ ನೋಡ್ಕೊಂಡು ಹೋಗ್ತಿದ್ರಿ. ಯಾರನ್ನೋ ಹುಡುಕ್ತಿದ್ದೀರಿ ಅಂತ ನಾನೂ ಸುಮ್ನಾದೆ.’

ಹುಡುಕುತ್ತಿದ್ದೆ ಎಂದರೆ ಸುಳ್ಳಾಗುತ್ತಿತ್ತು. ಸಿಗದಿರಲಿ ಎಂದು ನೋಡುವುದನ್ನು ಹುಡುಕುವುದು ಎನ್ನಲಾಗದು. ಚಹಾವನ್ನು ಅರ್ಧಕ್ಕೇ ಬಿಟ್ಟ. ಬರೆದ ಆರನ್ನು ಹೊಡೆದು ಹಾಕಿ, ನಮೂನೆಯನ್ನು ಮಡಿಸಿ, ‘ಗಂಟೆ ಎರಡೂವರೆ ಆಯ್ತು, ಬರ್ತೀನಿ’ ಎಂದು ಎದ್ದ. ‘ಏನು ಮಾಡ್ತೀರಿ?’ ಎಂದು ಅಕ್ಕ ಕೇಳಿದಳು. ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಅದನ್ನು ಬಾಯಿಬಿಟ್ಟು ಹೇಳಲು ಇನ್ನೂ ಧೈರ್ಯವಿರಲಿಲ್ಲ. ಟೇಪು ಅಲ್ಲೇ ಮರೆತು ಬಂದದ್ದು ಬಸ್ಸು ಹತ್ತಿದ ಮೇಲೆ ತಿಳಿಯಿತು. ಅಣ್ಣ ಕೊಡೆ ಮರೆತದ್ದು ಮರೆವಿನಿಂದಲೋ ಬೇಕೆಂತಲೋ ಎಂಬ ಯೋಚನೆ ಯಾವ ಕಾರಣವೂ ಇಲ್ಲದೆ ಬಂದಿತು.

ಕರಾರಿನ ಮಾತನ್ನು ತಿದ್ದಬಹುದು. ಕರಡು ಬರೆದವನೇ ತಪ್ಪನ್ನು ಒಪ್ಪಿ ತಿದ್ದುಪಡಿ ಬರೆದುಕೊಟ್ಟು, ಕಾನೂನು ಅಧಿಕಾರಿಯೂ ಕಮಿಷನರೂ ಸಹಿ ಹಾಕಿದರೆ ಅದೇ ದಿನ ಜಾರಿ. ಈ ಅವಕಾಶವನ್ನು ಇಪ್ಪತ್ತಾರು ವರ್ಷದಲ್ಲಿ ಅವನು ಒಮ್ಮೆಯೂ ಬಳಸಿರಲಿಲ್ಲ. ಬಳಸಿದವರನ್ನು ನೋಡಿ ಒಳಗೊಳಗೇ ನಕ್ಕಿದ್ದ. ಬಸ್ಸಿನಲ್ಲಿ ಮೊಣಕಾಲ ಮೇಲೆ ಫೈಲಿಟ್ಟುಕೊಂಡು ಬರೆಯಲು ಶುರುಮಾಡಿದ. ‘ಕಾರ್ಯಬಾಹುಳ್ಯದ ನಡುವೆ ಸದರಿ ವ್ಯಾಖ್ಯೆಯು ಪ್ರಮಾದವಶಾತ್ ಸೇರ್ಪಡೆಗೊಂಡಿದ್ದು’ ಎಂದು ಕೈ ತಾನಾಗಿ ಬರೆಯಿತು. ಎಷ್ಟು ಚೆನ್ನಾಗಿ ಬರೆಯಿತು! ಯಾರೂ ಏನೂ ಮಾಡಿಲ್ಲ, ವ್ಯಾಖ್ಯೆಯೇ ಕಾಲುಬಂದು ನಡೆದು ಬಂದು ಫೈಲಿನಲ್ಲಿ ಕೂತಿದೆ. ಹಾಸಿಗೆ ತಾನೇ ಸುತ್ತಿಕೊಂಡು ಬೀರುವಿನ ಮೇಲೆ ಹತ್ತಿ ಕೂತ ಹಾಗೆ. ಅದನ್ನು ಹೊಡೆದುಹಾಕಿದ. ಬಸ್ಸು ಕುಲುಕುತ್ತಿತ್ತು, ಅಕ್ಷರಗಳು ಮಗುವಿನ ಅಕ್ಷರದ ಹಾಗೆ ಬಂದವು: ‘ಇದು ನನ್ನ ತಪ್ಪು. ಆಸ್ಪತ್ರೆಯ ವಾರ್ಡಿಗೆಂದು ಬರೆದ ಮಾತನ್ನು ನಾನು ಯೋಚಿಸದೆ ಇಲ್ಲಿ ನಕಲು ಮಾಡಿದೆ. ಒಂದು ಬದಿಯಿಂದ ಇಳಿಯಲು ಬರುವ ಮಂಚವೂ ಹಾಸಿಗೆಯೇ. ಮಲಗುವವರು ಗೋಡೆ ಬದಿ ಬೇಕೆಂದು ಕೇಳಿದರೆ ಸಾಧ್ಯವಿರುವಷ್ಟೂ ಕೊಡತಕ್ಕದ್ದು.’ ಕೊನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ಅದನ್ನು ಎರಡು ಸಲ ಓದಿ ಹಾಗೇ ಬಿಟ್ಟ.

ಕಚೇರಿಯಲ್ಲಿ ಕಾನೂನು ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, ‘ಏನ್ರೀ ಷರತ್ತು, ನಿಮಗೂ ತಪ್ಪಾಗತ್ತಾ?’ ಎಂದು ಮುಖದೆದುರಿಗೇ ಆ ಹೆಸರು ಹಿಡಿದು ಕರೆದು, ಪಕ್ಕದ ಮೇಜಿನವರಿಗೂ ಕಾಗದ ತೋರಿಸಿ, ಅವರು ನಕ್ಕ ಮೇಲೆ ಸಹಿ ಹಾಕಿದ. ಗಂಟೆ ಮೂರೂ ನಲವತ್ತು. ಕಮಿಷನರ್ ಕೋಣೆಯಲ್ಲಿ ಎಂಜಿನಿಯರುಗಳು ತುಂಬಿದ್ದರು. ಕಮಿಷನರ್ ಅವನಿಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಚುರುಕು. ‘ಓದಿ’ ಎಂದಳು. ಎಲ್ಲರೆದುರು ಓದಬೇಕಾಯಿತು. ‘ಇದು ನನ್ನ ತಪ್ಪು’ ಎನ್ನುವಾಗ ದನಿ ಕೈಕೊಟ್ಟಿತು, ಎರಡನೆಯ ಸಲ ಹೇಳಬೇಕಾಯಿತು. ಯಾರೋ ಎಂಜಿನಿಯರು ‘ಮಂಚಕ್ಕೆ ಎರಡು ಮಗ್ಗುಲಾ’ ಎಂದು ಮೆಲ್ಲಗೆ ಅಂದ, ನಗು ಕೋಣೆಯನ್ನು ಒಂದು ಸುತ್ತು ಹಾಕಿತು. ಅವನು ಓದಿ ಮುಗಿಸಿದ. ಕಮಿಷನರ್ ನಗಲಿಲ್ಲ. ಮೂಲ ಕರಾರನ್ನು ತೆಗೆಸಿ ಕೊನೆಯ ಪುಟ ತಿರುವಿ ನೋಡಿದಳು.

‘ಇಲ್ಲಿ ಆರು ಸಹಿ ಇದೆ. ಐದನೇದು ನಂದು’ ಎಂದಳು. ‘ಆರು ಜನ ಓದಿದ್ದೀವಿ. ಆರು ಜನಾನೂ ಮನೇಲಿ ಬಾಗ್ಲು ಹಾಕ್ಕೊಂಡು ಮಲಗೋರು, ಅದಕ್ಕೆ ಗೊತ್ತಾಗಿಲ್ಲ.’ ಪೆನ್ನಿನ ಮುಚ್ಚಳ ತೆಗೆದು ಅವನ ಮುಖ ನೋಡಿದಳು. ‘ನಿಮ್ಮ ಸರ್ವಿಸ್ ಬುಕ್ಕಿಗೆ ಒಂದು ಎಚ್ಚರಿಕೆ ಹೋಗತ್ತೆ. ಗೊತ್ತಲ್ಲ?’

‘ಗೊತ್ತು ಮೇಡಂ.’

ಸಹಿ ಬಿತ್ತು. ಅವಳೆದುರೇ ಪ್ರಮಾಣಪತ್ರದಲ್ಲಿ ಹೊಡೆದುಹಾಕಿದ ಆರರ ಪಕ್ಕ ಅರವತ್ತು ಎಂದು ಬರೆದು ಕೊಟ್ಟ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನು ಮಾಡಿದ. ‘ಆಯ್ತು’ ಎಂದ. ಅಕ್ಕ ಫೋನು ಪಕ್ಕಕ್ಕೆ ಹಿಡಿದು ‘ತಾತಾ, ನಿಮ್ಮ ಮಂಚ ಹಿಂದಕ್ಕೆ ತಳ್ಳಿ’ ಎಂದು ಕೂಗಿದಳು. ಕಬ್ಬಿಣದ ಕಾಲುಗಳು ನೆಲ ಉಜ್ಜುವ ಸದ್ದು ಕೇಳಿತು, ಅದರ ಹಿಂದೆ ತಾತನ ದನಿ: ‘ಸಾಹೇಬ್ರಿಗೆ ಹೇಳಿ, ಗೋಡೆ ಬಣ್ಣಕ್ಕೂ ಒಂದು ಷರತ್ತು ಹಾಕ್ಲಿ ಅಂತ!’ ಈ ಸಲ ಅವನೂ ನಕ್ಕ, ಮೆಟ್ಟಿಲಿಳಿಯುತ್ತಿದ್ದ ಇಬ್ಬರು ಗುಮಾಸ್ತರು ಷರತ್ತು ನಗುವುದನ್ನು ಕಂಡು ಗಾಬರಿಯಾಗುವಷ್ಟು ಜೋರಾಗಿ.

ದಾರಿಯಲ್ಲಿ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ನಾಲ್ಕು ಮೀಟರಿನ ವೈರು ಕೊಂಡ. ಮನೆಗೆ ಬಂದವನು ಕೋಟನ್ನೂ ಬಿಚ್ಚದೆ ಟೀವಿ ಮೇಜನ್ನು ಎಳೆಯತೊಡಗಿದ. ಮೇಜಿನ ಹಿಂದಿನ ಗೋಡೆಯಲ್ಲಿ ವರ್ಷಗಳ ಧೂಳು, ಒಂದು ಕಳೆದುಹೋದ ಬಾಚಣಿಗೆ, ಮಗಳ ಹಳೆಯ ರಬ್ಬರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಮೇಜು ಸರಿದ ಜಾಗವನ್ನು ನೋಡಿದಳು, ಅವನು ಕುರ್ಚಿ ಹತ್ತಿ ಬೀರುವಿನ ಮೇಲಿಂದ ಸುರುಳಿ ಇಳಿಸುವುದನ್ನು ನೋಡಿದಳು. ನಾಲ್ಕು ವರ್ಷದ ಹಿಂದೆ ಬಿಗಿದ ಗಂಟು ಬಿಚ್ಚಲು ಬರಲಿಲ್ಲ. ಅವಳೇ ಬಂದು ಹಲ್ಲಿನಿಂದ ಕಚ್ಚಿ ಬಿಡಿಸಿದಳು.

‘ಅವನು ಎಲ್ಲಿದ್ದಾನೋ ಏನೋ. ನಾಳೆಯಿಂದ ಹುಡುಕ್ತೀನಿ’ ಎಂದ ಅವನು, ಅವಳ ಮುಖ ನೋಡದೆ.

‘ಭಾವನ್ನ ಹುಡುಕೋದೇನೂ ಬೇಡ. ನಂಬರ್ ಇದೆ.’

ಅವನು ಕೈಯಲ್ಲಿ ಹಗ್ಗ ಹಿಡಿದು ನಿಂತ. ಪಕ್ಕದ ಊರಿನ ಒಂದು ಶಾಲೆಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸವಂತೆ, ಅಲ್ಲೇ ಹಿಂದುಗಡೆ ಒಂದು ಕೋಣೆಯಂತೆ. ಮೊದಲ ವರ್ಷ ಬಹಳ ಕಷ್ಟವಾಯಿತಂತೆ, ಅದನ್ನು ಮಾತ್ರ ಭಾವ ಹೇಳುವುದಿಲ್ಲವಂತೆ. ಎರಡು ತಿಂಗಳಿಗೊಮ್ಮೆ ಅವಳಿಗೆ ಫೋನು ಮಾಡುತ್ತಾನೆ, ಇವನು ಕಚೇರಿಗೆ ಹೋದ ಮೇಲೆ. ‘ನನಗ್ಯಾಕೆ ಹೇಳಲಿಲ್ಲ?’ ಎಂದು ಕೇಳಿದವನಿಗೆ ಒಂದೇ ದಿನದಲ್ಲಿ ಇಬ್ಬರಿಗೆ ಇದೇ ಪ್ರಶ್ನೆ ಕೇಳಿದೆನಲ್ಲ ಎಂದು ಹೊಳೆಯಿತು. ‘ಒಂದು ದಿನಾನಾದ್ರೂ ನೀವು ಅವರ ಹೆಸರು ಎತ್ತಿದ್ರಾ?’ ಎಂದಳು ಅವಳು. ಅದರಲ್ಲಿ ಸಿಟ್ಟಿರಲಿಲ್ಲ. ನಂಬರು ಒತ್ತಿ ತನ್ನ ಫೋನನ್ನು ಅವನ ಕೈಗಿಟ್ಟು, ಹಾಸಿಗೆ ಕೊಡವುತ್ತೇನೆಂದು ಹೊರಗೆ ಹೋದಳು.

ಆ ಕಡೆ ಫೋನು ರಿಂಗಾಗುತ್ತಿತ್ತು. ಅವನು ಮೇಜು ಸರಿದು ಖಾಲಿಯಾದ ಜಾಗದಲ್ಲಿ, ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತ. ಇನ್ನು ಎತ್ತುವುದಿಲ್ಲ ಎಂದುಕೊಳ್ಳುವಾಗ ‘ಹೇಳಮ್ಮ’ ಎಂದಿತು ದನಿ. ಅದೇ ದನಿ, ಸ್ವಲ್ಪ ಒಣಗಿದೆ.

‘ಅಣ್ಣಾ, ನಾನು.’

ಆ ಕಡೆ ಏನೋ ಕೆಳಗಿಟ್ಟ ಸದ್ದು. ಬಹುಶಃ ಅಂಟಿನ ಡಬ್ಬಿ. ‘ಏನೋ? ಎಲ್ಲ ಸರಿ ಇದ್ದೀರಾ?’

‘ಸರಿ ಇದ್ದೀವಿ.’ ಕಮಿಷನರ್ ಕೋಣೆಯಲ್ಲಿ ಒಮ್ಮೆ ಹೇಳಿ ಅಭ್ಯಾಸವಾದ ಮಾತು, ಇಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ‘ಆವತ್ತು ಹಾಸಿಗೆ ಸುತ್ತಿಟ್ಟಿದ್ದು ನಾನು. ನನ್ನ ತಪ್ಪು ಕಣೋ ಅಣ್ಣ.’

‘ಅಯ್ಯೋ, ಅದೀಗ ಯಾಕೆ? ನನಗೂ ಒಂದು ಕಡೆ...’

‘ಎಲ್ಲೂ ಹೋಗೋದಿರಲಿಲ್ಲ ನಿನಗೆ.’

ಫೋನು ಕತ್ತರಿಸಿಹೋಯಿತೇನೋ ಎಂದು ಇವನು ಕಿವಿಯಿಂದ ತೆಗೆದು ನೋಡಿದ. ಆಮೇಲೆ ಮೂಗು ಒರೆಸಿಕೊಂಡ ಸದ್ದಾಗಿ, ‘ಇರಲಿಲ್ಲ’ ಎಂದ ಅಣ್ಣ.

‘ಭಾನುವಾರ ಬಾ. ಎರಡು ದಿನಕ್ಕೆ ಅಂತ ಬಾ, ಎಷ್ಟು ದಿನ ಬೇಕಾದ್ರೂ ಇರು. ಟೀವಿ ಮೇಜು ಸರಿಸಿದ್ದೀನಿ. ಉದ್ದದ ವೈರು ತಂದಿದ್ದೀನಿ. ಈ ಸಲ ಗೋಡೆ ಬದಿ ನಿಂದು. ಚಿಕ್ಕಂದಿನಲ್ಲಿ ಇತ್ತಲ್ಲ, ಹಾಗೇ.’

‘ಚಿಕ್ಕಂದಿನಲ್ಲಾ?’ ಅಣ್ಣ ನಕ್ಕ. ನಾಲ್ಕು ವರ್ಷದ ಹಿಂದಿನದಲ್ಲ, ಅದಕ್ಕಿಂತ ಬಹಳ ಹಿಂದಿನ ನಗು. ‘ಚಿಕ್ಕಂದಿನಲ್ಲಿ ಗೋಡೆ ಬದಿ ನಿಂದೇ ಕಣೋ ಹೆದರುಪುಕ್ಕ. ಬಾಗಿಲ ಕಡೆ ನಾನು ಮಲಗಿದ್ರೇ ನಿನಗೆ ನಿದ್ದೆ ಬರ್ತಿತ್ತು.’